ಬಿಳಿ ಚೀಟಿಯ ತಾಯಂದಿರು

ಚೀಟಿ ಹಂಚುವ ಕೆಲಸವನ್ನು ತನ್ನ ಕೈಗೇ ಯಾಕೆ ಕೊಟ್ಟರೆಂಬುದು ಎರ್ಲಿಂಡಾಳಿಗೆ ಅವತ್ತೇ ಗೊತ್ತಿತ್ತು. ವಿಶ್ವವಿದ್ಯಾಲಯದವರು ಹಂಚಿದ್ದರೆ ಹೆಂಗಸರು ಅವರೆದುರು ನಯವಾಗಿ ತಲೆಯಾಡಿಸಿ, ಮಾರನೆಯ ವಾರದಿಂದ ಬರುವುದನ್ನೇ ನಿಲ್ಲಿಸುತ್ತಿದ್ದರು. ಎರ್ಲಿಂಡಾ ಹಂಚಿದರೆ ಅವಳನ್ನು ಬೈಯುತ್ತಾರೆ, ಆದರೆ ಬರುತ್ತಾರೆ.

ಜನವರಿಯ ಮೊದಲ ಶನಿವಾರ. ಎಲ್ ಗವಿಲಾನ್ ಕಾಲೊನಿಯ ಚರ್ಚಿನ ಹಾಲಿನಲ್ಲಿ ಅರವತ್ತು ಮಂದಿ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಕೂತಿದ್ದರು. ಎಲ್ಲರೂ ಗಡಿಯ ನದಿ ದಾಟಿ ಆಚೆ ದೇಶದಿಂದ ಬಂದವರು, ಇಲ್ಲವೇ ಬಂದವರ ಮಕ್ಕಳು. ಅಧ್ಯಯನದ ಮುಖ್ಯಸ್ಥೆ ಡಾಕ್ಟರ್ ಲಿಂಡ್‌ಕ್ವಿಸ್ಟ್ ಮುಂದೆ ನಿಂತು, ಪುಸ್ತಕದಿಂದ ಕಲಿತ ಆದರೆ ತಪ್ಪಿಲ್ಲದ ಸ್ಪ್ಯಾನಿಷ್‌ನಲ್ಲಿ ವಿವರಿಸಿದಳು. ಲಕೋಟೆಯೊಳಗೆ ಹಸಿರು ಚೀಟಿ ಬಂದವರಿಗೆ ಒಂದು ವರ್ಷ ಪ್ರತಿ ಮಂಗಳವಾರ ಎರ್ಲಿಂಡಾಳ ಪಾಠ: ಮಗುವಿಗೆ ಏನು ಉಣಿಸಬೇಕು, ಬಾಟಲಿ ಬಿಡಿಸುವುದು ಹೇಗೆ, ತಾಯಿ ತನ್ನ ಮೈಯನ್ನು ಹೇಗೆ ನೋಡಿಕೊಳ್ಳಬೇಕು. ಬಿಳಿ ಚೀಟಿ ಬಂದವರಿಗೆ ಅಚ್ಚು ಹಾಕಿದ ಮೂರು ಹಾಳೆ, ಮುಂದಿನ ವರ್ಷ ಪಾಠ ಕೊಡುತ್ತೇವೆಂಬ ಮಾತು. ಮೂರು ತಿಂಗಳಿಗೊಮ್ಮೆ ಎಲ್ಲರ ತೂಕ, ಎತ್ತರ ನೋಡುವುದು. ವರ್ಷದ ಕೊನೆಗೆ ಎರಡು ಗುಂಪನ್ನೂ ಪಕ್ಕಪಕ್ಕ ಇಟ್ಟರೆ ಪಾಠದಿಂದ ಏನಾದರೂ ಆಯಿತೇ ಇಲ್ಲವೇ ಎನ್ನುವುದು ತಿಳಿಯುತ್ತದೆ. ಯಾರಿಗೆ ಯಾವ ಚೀಟಿ ಎಂಬುದನ್ನು ಆರಿಸಿದ್ದು ಕಂಪ್ಯೂಟರು. ಅದರಲ್ಲಿ ಯಾರ ಕೈವಾಡವೂ ಇಲ್ಲ.

ಎರ್ಲಿಂಡಾಳಿಗೆ ಐವತ್ಮೂರು. ಹದಿನಾಲ್ಕು ವರ್ಷ ಈರುಳ್ಳಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ನಿಂತವಳು, ಆಮೇಲಿನ ಹದಿನೆಂಟು ವರ್ಷ ಆರೋಗ್ಯ ಕಾರ್ಯಕರ್ತೆಯಾಗಿ ಈ ಕಾಲೊನಿಯ ಸುಣ್ಣದ ಪುಡಿಯ ರಸ್ತೆಗಳನ್ನು ಸವೆಸಿದವಳು. ಪ್ರತಿ ಮನೆಯ ನಾಯಿಗೂ ಅವಳ ಚಪ್ಪಲಿಯ ಸದ್ದು ಗೊತ್ತು. ಅವಳು ಲಕೋಟೆಗಳನ್ನು ಹೆಸರು ಕೂಗಿ ಹಂಚುತ್ತಾ ಹೋದಳು. ಬ್ರೀಸೆಯ್ದಾಳಿಗೆ ಹಸಿರು ಬಂತು. ಅವಳ ಪಕ್ಕದಲ್ಲೇ ಕೂತಿದ್ದ ನೊಯೆಮಿಗೆ ಬಿಳಿ.

ನೊಯೆಮಿ ಎದ್ದು ಬಂದು ಮೇಜಿನ ಹತ್ತಿರ ನಿಂತಳು. ಇಪ್ಪತ್ತೇಳರ ಹೆಂಗಸು, ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಕೋಣೆ ಗುಡಿಸುವವಳು. ಸೊಂಟಕ್ಕೆ ಒರಗಿಕೊಂಡು ಅವಳ ಮಗ ನೆಫ್ತಾಲಿ. ನಾಲ್ಕೂವರೆ ವರ್ಷ, ಐವತ್ತೆರಡು ಪೌಂಡು, ವಯಸ್ಸಿಗೆ ಮೀರಿದ ತೂಕ.

"ಡೊನ್ಯಾ ಎರ್ಲಿಂಡಾ, ಇದನ್ನ ಬದಲಾಯಿಸಿ ಕೊಡೋಕ್ಕಾಗಲ್ವಾ?"

"ಆಗಲ್ಲ ಮಗಳೇ. ಒಬ್ಬರಿಗೆ ಬದಲಾಯಿಸಿದ್ರೆ ಎಲ್ಲಾ ಕೆಡುತ್ತೆ. ಮುಂದಿನ ವರ್ಷ ನಿನಗೂ ಸಿಗುತ್ತೆ."

ನೊಯೆಮಿ ಮಗನ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿ ಕತ್ತಿನ ಹಿಂಭಾಗ ತೋರಿಸಿದಳು. ಅಲ್ಲಿ ಚರ್ಮ ದಪ್ಪಗಾಗಿ, ಮಸಿ ಬಳಿದ ಹಾಗೆ ಕಪ್ಪಗಾಗಿತ್ತು.

"ಒಂದು ವರ್ಷ ಕಾಯಿ ಅಂತ ಇದಕ್ಕೆ ನೀವೇ ಹೇಳಿ."

ಆ ಕತ್ತಿನ ಕಥೆ ಎರ್ಲಿಂಡಾಳಿಗೆ ಗೊತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಕಪ್ಪು ಕಾಣಿಸಿಕೊಂಡಾಗ ನೊಯೆಮಿಯ ಅತ್ತೆ ಡೊನ್ಯಾ ಕೂಕಾ ಅದನ್ನು ಕೊಳೆ ಎಂದುಕೊಂಡಳು. ಪ್ರತಿ ಸಂಜೆ ಮಗುವನ್ನು ತೊಟ್ಟಿಯಲ್ಲಿ ಕೂರಿಸಿ, ನಿಂಬೆರಸ ಹಚ್ಚಿ, ಒಣ ಹೀರೇಕಾಯಿಯ ನಾರಿನಲ್ಲಿ ಉಜ್ಜಿದಳು. ಮಗು ಕಿರುಚುತ್ತಿತ್ತು. ಚರ್ಮ ಕೆಂಪಗಾಯಿತೇ ಹೊರತು ಕಪ್ಪು ಹೋಗಲಿಲ್ಲ. ಈ ಕಾಲೊನಿಯಲ್ಲಿ ಹಾಗೆ ಉಜ್ಜಿಸಿಕೊಂಡ ಕತ್ತುಗಳನ್ನು ಎರ್ಲಿಂಡಾ ಎಷ್ಟೋ ನೋಡಿದ್ದಳು. ನೊಯೆಮಿಗೆ ಒಂದು ದಿನ ತಟ್ಟನೆ ನೆನಪಾಯಿತು: ತನ್ನ ತಾಯಿಯ ಕತ್ತೂ ಹೀಗೇ ಇತ್ತು. ಆ ತಾಯಿಗೆ ನಲವತ್ತಾರಕ್ಕೆ ಸಕ್ಕರೆ ಕಾಯಿಲೆಯಿಂದ ಕಾಲು ಹೋಯಿತು, ವಾರಕ್ಕೆ ಮೂರು ದಿನ ರಕ್ತ ತೊಳೆಯುವ ಯಂತ್ರದ ಪಕ್ಕ ಮಲಗಿ ನಲವತ್ತೊಂಬತ್ತಕ್ಕೆ ತೀರಿಕೊಂಡಳು. ನೆಫ್ತಾಲಿ ಹೊಟ್ಟೆಯಲ್ಲಿದ್ದಾಗ ನೊಯೆಮಿಗೇ ಸಕ್ಕರೆ ಏರಿತ್ತು. ಕ್ಲಿನಿಕ್ಕಿಗೆ ಓಡಿದಳು. ಅಲ್ಲಿನ ನರ್ಸು, ಇದು ಕೊಳೆಯಲ್ಲ, ಮೈಯಲ್ಲಿ ಇನ್ಸುಲಿನ್ ಹೆಚ್ಚಾಗಿರುವ ಗುರುತು, ತೂಕ ಹೀಗೇ ಏರುತ್ತಾ ಹೋದರೆ ಮುಂದೆ ಕಾಯಿಲೆ ಬರಬಹುದು, ಏರದಂತೆ ನೋಡಿಕೊಂಡರೆ ತಡೆಯಲೂಬಹುದು ಎಂದಳು. ಅವತ್ತು ನೊಯೆಮಿ ಮನೆಗೆ ಬಂದು ಆ ನಾರನ್ನು ಕಸಕ್ಕೆ ಎಸೆದಳು. ಆದರೆ ಅದರ ಬದಲಿಗೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅದನ್ನು ಕೇಳಲೆಂದೇ ಈ ಹಾಲಿಗೆ ಬಂದಿದ್ದಳು.

ಎರ್ಲಿಂಡಾ ಚೀಟಿಯನ್ನು ಬದಲಾಯಿಸಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ತಾನು ಮಾಡಿದ್ದು ಸರಿ ಎಂದು ತನಗೇ ಹೇಳಿಕೊಂಡಳು. ಅದು ನಿಜಕ್ಕೂ ಸರಿಯೇ ಆಗಿತ್ತು. ಅದೇ ಅವಳನ್ನು ಕೊರೆಯುತ್ತಿತ್ತು.

ಮಂಗಳವಾರದ ಪಾಠಗಳು ಶುರುವಾದವು. ಎರ್ಲಿಂಡಾ ಪಾಠಕ್ಕೆ ಪಟಗಳಿಗಿಂತ ಒಲೆಯನ್ನು ಹೆಚ್ಚು ನಂಬಿದವಳು. ವಿಶ್ವವಿದ್ಯಾಲಯ ಕೊಟ್ಟ ತಟ್ಟೆಯ ಚಿತ್ರದಲ್ಲಿ ಹಸಿರು ಹೂಕೋಸೂ ಮೀನೂ ಇದ್ದವು, ಇವರ ನಿತ್ಯದ ರೊಟ್ಟಿಯಾದ ಟೋರ್ಟಿಯಾ ಇರಲಿಲ್ಲ. ಅವಳು ಆ ಚಿತ್ರವನ್ನು ಗೋಡೆಗೆ ತಿರುಗಿಸಿಟ್ಟು, ಮೈದಾ ಹಿಟ್ಟಿನ ಟೋರ್ಟಿಯಾಕ್ಕೆ ಎಷ್ಟು ಹಂದಿಕೊಬ್ಬು ಹಾಕುತ್ತೀರೆಂದು ಒಬ್ಬೊಬ್ಬರನ್ನೂ ಕೇಳಿದಳು. ಯಾರೂ ನಿಜ ಹೇಳಲಿಲ್ಲ. ನಾದಿಸಿ ನೋಡಿದಾಗ ಕೈಗಳು ನಿಜ ಹೇಳಿದವು. ಅರ್ಧಕ್ಕರ್ಧ ಕಡಿಮೆ ಮಾಡಿಯೂ ಮೆತ್ತಗೆ ಬರುವಂತೆ ಮಾಡಲು ಮೂರು ವಾರ ಹಿಡಿಯಿತು. ಕಾಳಿಗೆ ಕೊಬ್ಬಿನ ಒಗ್ಗರಣೆ ಬೇಡ, ಬೇಯಿಸಿದ ನೀರಿನಲ್ಲೇ ಅರೆದರೆ ಸಾಕೆಂದು ತೋರಿಸಿದಳು. ಹಿತ್ತಲಿನ ಪಾಪಾಸುಕಳ್ಳಿಯ ಎಳೆಯ ಹಾಳೆಯ ಮುಳ್ಳು ಕೆರೆದು ಮೊಟ್ಟೆಯ ಜೊತೆ ಹುರಿಸಿದಳು. ಪುಂಡಿಹೂವಿನ ಕೆಂಪು ಶರಬತ್ತಿಗೆ ವಾರಕ್ಕೆ ಒಂದೊಂದು ಚಮಚ ಸಕ್ಕರೆ ಇಳಿಸುತ್ತಾ ಬಂದಳು. ಮಕ್ಕಳ ನಾಲಿಗೆ ಅದನ್ನು ಗಮನಿಸಲೇ ಇಲ್ಲ. ಮೂರು ವರ್ಷದ ಮಕ್ಕಳ ಬಾಯಿಂದ ಚಾಕೊಲೇಟು ಹಾಲಿನ ಬಾಟಲಿ ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಆ ವಾರ ಇಡೀ ಕಾಲೊನಿ ಅತ್ತಿತು.

ಬಾಟಲಿಯ ವಾರದಲ್ಲೇ ಅವಳಿಗೆ ಅನುಮಾನ ಬರಬೇಕಿತ್ತು. ಹಸಿರು ಚೀಟಿಯ ಮಕ್ಕಳು ಮೂವತ್ತು. ಅಳು ಕೇಳಿಬಂದ ಮನೆಗಳು ಅದಕ್ಕಿಂತ ಎಷ್ಟೋ ಹೆಚ್ಚು.

ಮಾರ್ಚಿನ ಒಂದು ಬುಧವಾರ ಬೆಳಿಗ್ಗೆ, ಬ್ರೀಸೆಯ್ದಾ ಹಾಲಿನಲ್ಲಿ ಮರೆತುಹೋಗಿದ್ದ ಪಾತ್ರೆಯನ್ನು ಕೊಡಲೆಂದು ಎರ್ಲಿಂಡಾ ಅವಳ ಟ್ರೇಲರ್ ಮನೆಗೆ ಹೋದಳು. ಕಾರು ನಿಲ್ಲಿಸುವ ತಗಡಿನ ಚಪ್ಪರದ ಕೆಳಗೆ ಹದಿನಾಲ್ಕು ಹೆಂಗಸರು, ಬಕೀಟು ಬೋರಲು ಹಾಕಿಕೊಂಡವರು ಕೆಲವರು, ಕಾರಿನ ಹಳೆ ಸೀಟಿನ ಮೇಲೆ ಕೂತವರು ಕೆಲವರು. ಒಬ್ಬಳಿಗೂ ಹಸಿರು ಚೀಟಿ ಬಂದಿರಲಿಲ್ಲ. ಮುಂದೆ ಬ್ರೀಸೆಯ್ದಾ ನಿಂತು ಪಾಠ ಹೇಳುತ್ತಿದ್ದಳು. ಸೊಂಟದ ಮೇಲೆ ಕೈ, ಮಾತಿನ ನಡುವೆ ಒಂದು ಸಣ್ಣ ಕೆಮ್ಮು. ಆ ಕೆಮ್ಮು ತನ್ನದೇ ಎಂದು ಗುರುತಿಸಲು ಎರ್ಲಿಂಡಾಳಿಗೆ ಒಂದು ಕ್ಷಣ ಹಿಡಿಯಿತು.

"ಏನು ತಿನ್ನಬೇಕು, ಯಾವಾಗ ತಿನ್ನಬೇಕು ಅನ್ನೋದನ್ನ ತಾಯಿ ಹೇಳ್ಬೇಕು. ಎಷ್ಟು ಅನ್ನೋದನ್ನ ಮಗು ಹೇಳುತ್ತೆ. ಬೇಡ ಅಂದ ಮೇಲೂ ತಟ್ಟೆ ಖಾಲಿ ಮಾಡ್ಸೋದು ಪಾಪ. ಇದು ಡೊನ್ಯಾ ಎರ್ಲಿಂಡಾ ಹೇಳಿದ್ದು."

ನಾಯಿ ಬೊಗಳಿತು. ಎಲ್ಲರೂ ಗೇಟಿನ ಕಡೆ ತಿರುಗಿದರು. ಹಿಂದಿನ ಸಾಲಿನಲ್ಲಿ ಕಳ್ಳಿಯ ಮುಳ್ಳು ಕೆರೆಯುತ್ತಿದ್ದ ಡೊನ್ಯಾ ಕೂಕಾ ಮಾತ್ರ ಕೈ ನಿಲ್ಲಿಸಲಿಲ್ಲ.

ಮೊದಲು ಬಾಯಿಬಿಟ್ಟವಳು ನೊಯೆಮಿ. "ಒಳಗೆ ಬರ್ತೀರೋ, ಡಾಕ್ಟರಮ್ಮನಿಗೆ ಫೋನ್ ಮಾಡ್ತೀರೋ?"

ಎರ್ಲಿಂಡಾ ಪಾತ್ರೆಯನ್ನು ಗೇಟಿನ ಕಂಬದ ಮೇಲಿಟ್ಟಳು. "ಪಾಪ ಅಂತ ನಾನು ಹೇಳಿಲ್ಲ. ತಪ್ಪು ಅಂದಿದ್ದೆ."

"ತಪ್ಪು ಅಂದ್ರೆ ಇವರು ಯಾರು ಕೇಳ್ತಾರೆ?" ಎಂದಳು ಬ್ರೀಸೆಯ್ದಾ.

ಎರ್ಲಿಂಡಾ ನಗು ತಡೆದುಕೊಂಡು ಬಂದ ದಾರಿಯಲ್ಲೇ ಹೊರಟುಹೋದಳು. ಒಳಗೂ ಹೋಗಲಿಲ್ಲ, ಫೋನೂ ಮಾಡಲಿಲ್ಲ.

ಇದು ಹೀಗಾಗಬಹುದೆಂದು ತನಗೆ ಮೊದಲೇ ಯಾಕೆ ಹೊಳೆಯಲಿಲ್ಲವೆಂದು ಅವಳು ಆಮೇಲೆ ಬಹಳ ಯೋಚಿಸಿದಳು. ಅಧ್ಯಯನಕ್ಕೆ ಸೇರುವಾಗ ತುಂಬಿಸಿದ ಅರ್ಜಿಯಲ್ಲಿ, ಒಂದೇ ಮನೆಯಲ್ಲಿ ಇಬ್ಬರು ತಾಯಂದಿರಿದ್ದಾರೆಯೇ, ಅಕ್ಕತಂಗಿಯರಿದ್ದಾರೆಯೇ ಎಂದು ಕೇಳಿದ್ದರು. ಹಾಗಿದ್ದವರನ್ನು ಒಂದೇ ಗುಂಪಿಗೆ ಹಾಕಿದ್ದರು. ಯಾರು ಯಾರಿಗೆ ಕೊಮಾದ್ರೆ ಎಂದು ಕೇಳುವ ಸಾಲು ಅದರಲ್ಲಿ ಇರಲಿಲ್ಲ. ಬ್ರೀಸೆಯ್ದಾಳ ಮಗಳು ಯಾರೆಟ್ಸಿಯನ್ನು ಜ್ಞಾನಸ್ನಾನದ ದಿನ ಪಾದ್ರಿಯ ಮುಂದೆ ಎತ್ತಿ ಹಿಡಿದವಳು ನೊಯೆಮಿ. ಅಂದಿನಿಂದ ಹೆತ್ತ ತಾಯಿ, ಧರ್ಮದ ತಾಯಿ ಎಂಬ ನಂಟಿನಿಂದ ಅವರಿಬ್ಬರೂ ಕೊಮಾದ್ರೆಗಳು. ಬೆನ್ನಿಗೆ ಬಿದ್ದ ತಂಗಿಯೊಡನೆ ಮಾತು ಬಿಡಬಹುದು, ಕೊಮಾದ್ರೆಯೊಡನೆ ಬಿಡುವಂತಿಲ್ಲ. ಆ ಅರವತ್ತು ಮಂದಿಯಲ್ಲಿ ಇನ್ನೊಬ್ಬಳಿಗೆ ಕೊಮಾದ್ರೆಯಲ್ಲದವಳು ಒಬ್ಬಳೂ ಇರಲಿಲ್ಲ. ಆ ಅರ್ಜಿಯನ್ನು ಅಚ್ಚಿಗೆ ಮೊದಲು ಎರ್ಲಿಂಡಾಳಿಗೆ ತೋರಿಸಿದ್ದರು. ಕಾಗುಣಿತದ ಎರಡು ತಪ್ಪನ್ನು ತಿದ್ದಿ ಕೊಟ್ಟಿದ್ದಳು. ಉಸಿರಾಡುತ್ತೀರಾ ಎಂದು ಅರ್ಜಿಯಲ್ಲಿ ಕೇಳಿಲ್ಲವೆಂಬುದು ಹೇಗೆ ಗಮನಕ್ಕೆ ಬರುವುದಿಲ್ಲವೋ, ಇದೂ ಹಾಗೇ ಬಂದಿರಲಿಲ್ಲ.

ಏಪ್ರಿಲಿನಲ್ಲಿ ಅಳತೆಯಾಯಿತು. ಯಾರು ಯಾವ ಗುಂಪೆಂದು ಗೊತ್ತಿಲ್ಲದ ಇಬ್ಬರು ಹುಡುಗಿಯರು ವಿಶ್ವವಿದ್ಯಾಲಯದಿಂದ ಬಂದು, ಮಕ್ಕಳ ಶೂ ಬಿಚ್ಚಿಸಿ, ಒಬ್ಬೊಬ್ಬರನ್ನೂ ಎರಡೆರಡು ಸಲ ತೂಗಿದರು. ನೆಫ್ತಾಲಿಯ ತೂಕ ಜನವರಿಯಲ್ಲಿದ್ದಷ್ಟೇ ಇತ್ತು. ಎತ್ತರ ಮುಕ್ಕಾಲು ಇಂಚು ಏರಿತ್ತು. ಬೆಳೆಯುವ ಮಗುವಿನಲ್ಲಿ ಬೇಕಾದದ್ದು ಅದೇ. ತೂಕ ಇಳಿಸಬೇಕಿಲ್ಲ, ಎತ್ತರ ಬಂದು ಅದನ್ನು ಹಿಡಿಯುವವರೆಗೆ ತಡೆದು ನಿಲ್ಲಿಸಿದರೆ ಸಾಕು. ನೊಯೆಮಿ ಅಂಕಿಯನ್ನು ನೋಡಿಕೊಂಡಳು. ಎರ್ಲಿಂಡಾಳ ಮುಂದೆ ಹಾದುಹೋಗುವಾಗ ಗದ್ದ ಒಂದಿಷ್ಟು ಮೇಲೆತ್ತಿದಳು, ಅಷ್ಟೇ.

ಹತ್ತು ದಿನದ ಮೇಲೆ ಡಾಕ್ಟರ್ ಲಿಂಡ್‌ಕ್ವಿಸ್ಟ್ ಒಬ್ಬಳೇ ಬಂದಳು. ಹಾಲಿನ ಅಡುಗೆಮನೆಯಲ್ಲಿ ಎರ್ಲಿಂಡಾಳ ಎದುರು ಲ್ಯಾಪ್‌ಟಾಪ್ ತೆರೆದಿಟ್ಟಳು. ಪರದೆಯ ಮೇಲೆ ಎರಡೂ ಗುಂಪಿನ ತೂಕದ ಗೆರೆಗಳು ಒಂದರ ಮೇಲೊಂದು ಕೂತಿದ್ದವು. ಪಾಠದಿಂದ ಏನೂ ಪ್ರಯೋಜನವಾಗುತ್ತಿಲ್ಲವೆಂದು ಇದರ ಅರ್ಥ ಎಂದು ಅವಳು ಹೇಳಿದಳು. ಧ್ವನಿಯಲ್ಲಿ ದೂರು ಇರಲಿಲ್ಲ, ದಣಿವಿತ್ತು. ಬೇಸಿಗೆಯ ಕೊನೆಗೆ ಹಣ ಕೊಡುವವರ ಸಮಿತಿ ಈ ಚಿತ್ರವನ್ನು ನೋಡುತ್ತದೆ, ನೋಡಿ ಮುಚ್ಚಿಬಿಡುತ್ತದೆ. ಆದರೆ ಒಂದು ವಿಷಯ ಅವಳಿಗೂ ಬಗೆಹರಿದಿರಲಿಲ್ಲ. ಈ ಕಡೆಯ ಇಷ್ಟೇ ವಯಸ್ಸಿನ ಮಕ್ಕಳ ತೂಕ ಹಿಂದಿನ ವರ್ಷಗಳಲ್ಲಿ ಏರುತ್ತಲೇ ಬಂದಿತ್ತು. ಇಲ್ಲಿ ಬಿಳಿ ಚೀಟಿಯವರ ಗೆರೆಯೂ ಏರಿರಲಿಲ್ಲ.

ಎರ್ಲಿಂಡಾ ಸುಮ್ಮನಿದ್ದುಬಿಡಬಹುದಿತ್ತು. ಹದಿನೆಂಟು ವರ್ಷದಲ್ಲಿ ಹಲ್ಲಿನ ಯೋಜನೆ, ಎದೆಹಾಲಿನ ಯೋಜನೆ, ಬಸುರಿಯರ ಮಾತ್ರೆಯ ಯೋಜನೆ ಎಲ್ಲವೂ ಬಂದು ಹೀಗೇ ಒಂದೊಂದು ಚಿತ್ರವಾಗಿ ಮುಚ್ಚಿಹೋದದ್ದನ್ನು ನೋಡಿದ್ದಳು. ಆದರೆ ಕೆಲಸ ಮಾಡಿದ ಪಾಠವನ್ನು ಕೆಲಸ ಮಾಡಲಿಲ್ಲವೆಂದು ಬರೆಯುವುದನ್ನು ನೋಡುತ್ತಾ ಕೂರುವುದು ಅವಳಿಂದ ಆಗಲಿಲ್ಲ.

"ಅವರೂ ಪಾಠ ಕಲಿತಿದ್ದಾರೆ," ಎಂದಳು. "ಬುಧವಾರ ಬುಧವಾರ. ಬ್ರೀಸೆಯ್ದಾಳ ಚಪ್ಪರದ ಕೆಳಗೆ."

ಡಾಕ್ಟರ್ ಲಿಂಡ್‌ಕ್ವಿಸ್ಟ್ ಎರಡೂ ಅಂಗೈಯಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ನಿಧಾನವಾಗಿ ಹೇಳತೊಡಗಿದಳು. ಅವಳ ಮಾತಿನಲ್ಲಿ ಎರ್ಲಿಂಡಾಳಿಗೆ ತಳ್ಳಿಹಾಕುವಂಥದ್ದು ಏನೂ ಸಿಗಲಿಲ್ಲ. ಪಾಠ ಕಲಿತವರಿಗೂ ಕಲಿಯದವರಿಗೂ ವ್ಯತ್ಯಾಸ ಕಾಣದಿದ್ದರೆ ಪಾಠಕ್ಕೆ ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದಿದ್ದರೆ ಮುಂದಿನ ವರ್ಷ ಉಳಿದ ಕಾಲೊನಿಗಳಿಗೆ ಪಾಠವಿಲ್ಲ. "ಇಲ್ಲಿ ಮೂವತ್ತು ಮಕ್ಕಳಿಗೆ ಒಳ್ಳೇದಾಯ್ತು ಅಂತ ಇಟ್ಕೊಳ್ಳಿ. ಅದಕ್ಕಾಗಿ ನದಿಯುದ್ದಕ್ಕೂ ಮೂರು ಸಾವಿರ ಮಕ್ಕಳು ಕಳ್ಕೋತಾರೆ. ಆ ಮಕ್ಕಳ ಕತ್ತೂ ಕಪ್ಪಗಿದೆ, ಎರ್ಲಿಂಡಾ."

ಆ ಕೊನೆಯ ಮಾತು ಎರ್ಲಿಂಡಾಳ ಮನಸ್ಸಿಗೆ ನಾಟಿತು. ಎರಡು ವಾರ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಮೂರು ಸಾವಿರ ದೊಡ್ಡದು, ಮೂವತ್ತು ಚಿಕ್ಕದು; ಅದರಲ್ಲಿ ವಾದವಿಲ್ಲ. ಆದರೆ ಆ ಮೂರು ಸಾವಿರ ಮಕ್ಕಳ ತಾಯಂದಿರಿಗೂ ಕೊಮಾದ್ರೆಗಳಿದ್ದಾರೆ. ಪಾಠ ಅಲ್ಲಿಗೆ ಹೋದಾಗ ಅಲ್ಲಿಯೂ ಬುಧವಾರಗಳು ಹುಟ್ಟುತ್ತವೆ. ಬುಧವಾರಗಳನ್ನು ಬಿಟ್ಟು ಬರೀ ಮಂಗಳವಾರವನ್ನು ಅಳೆದರೆ, ಅದು ಯಾವ ಊರಿನ ಅಳತೆ? ಇಷ್ಟು ತಿಳಿದ ಮೇಲೆ ಅವಳಿಗೆ ಮನಸ್ಸು ಹಗುರವಾಯಿತು. ಜೊತೆಗೆ ಸಿಟ್ಟೂ ಬಂತು, ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು.

ಮೇ ತಿಂಗಳ ಎರಡನೆಯ ಶನಿವಾರ ಡಾಕ್ಟರ್ ಲಿಂಡ್‌ಕ್ವಿಸ್ಟ್ ಒಂದು ಒಪ್ಪಂದದ ಹಾಳೆಯ ಅರವತ್ತು ಪ್ರತಿ ತಂದಳು. ಪಾಠದಲ್ಲಿ ಕೇಳಿದ್ದನ್ನು ಬೇರೆಯವರಿಗೆ ಹೇಳುವುದಿಲ್ಲವೆಂದು ಹಸಿರು ಚೀಟಿಯವರು, ಕೇಳಿಸಿಕೊಳ್ಳುವುದಿಲ್ಲವೆಂದು ಬಿಳಿ ಚೀಟಿಯವರು ಸಹಿ ಹಾಕಬೇಕು. ಹಾಲಿನಲ್ಲಿ ನಾಲ್ಕು ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ಹಾಳೆಯನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ಎರ್ಲಿಂಡಾಳದು. ಅವಳು ಒಂದು ಪದ ಬಿಡದೆ, ಒಂದು ಪದ ಸೇರಿಸದೆ ಓದಿದಳು. ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟಳು.

ಈಗ ಸಹಿ ಹಾಕಲು ಹೇಳಿ ಎಂದು ಡಾಕ್ಟರಮ್ಮ ಪಕ್ಕದಿಂದ ಮೆಲ್ಲಗೆ ನೆನಪಿಸಿದಳು.

"ಓದೋದು ನನ್ನ ಕೆಲಸ, ಓದಿದೆ," ಎಂದಳು ಎರ್ಲಿಂಡಾ, ಎಲ್ಲರಿಗೂ ಕೇಳುವ ಹಾಗೆ. "ಹಾಕಿ ಅಂತ ನಾನು ಹೇಳಲ್ಲ."

ಡಾಕ್ಟರ್ ಲಿಂಡ್‌ಕ್ವಿಸ್ಟ್‌ಳ ಮುಖ ಕೆಂಪಾಯಿತು, ಆದರೆ ಅವಳು ಸಿಡುಕಲಿಲ್ಲ. ತಾನೇ ಎದ್ದು ನಿಂತು, ಸಹಿಯಾಗದಿದ್ದರೆ ಈ ಕಾಲೊನಿಯನ್ನು ಅಧ್ಯಯನದಿಂದ ಕೈಬಿಡಬೇಕಾಗುತ್ತದೆ, ಪಾಠವೂ ನಿಲ್ಲುತ್ತದೆ, ಅಳತೆಯೂ ನಿಲ್ಲುತ್ತದೆ, ಮುಂದಿನ ವರ್ಷ ಕೊಡುತ್ತೇವೆಂದ ಪಾಠವನ್ನೂ ಕೊಡಲಾಗುವುದಿಲ್ಲ ಎಂದು ತಿಳಿಸಿದಳು. ಇದು ಬೆದರಿಕೆಯಲ್ಲ, ನಿಯಮ ಇರುವುದೇ ಹೀಗೆ ಎಂದಳು.

ಬ್ರೀಸೆಯ್ದಾ ಕೂತಲ್ಲಿಂದಲೇ ನೊಯೆಮಿಯನ್ನು ತೋರಿಸಿ ಮಾತಾಡಿದಳು. "ನಾಳೆ ನಾನು ಸತ್ತರೆ ನನ್ನ ಮಗಳನ್ನ ಸಾಕೋಳು ಇವಳು. ದೇವರ ಮುಂದೆ ಒಪ್ಪಿಕೊಂಡಿದ್ದಾಳೆ. ಇವಳ ಮಗನಿಗೆ ಏನು ಉಣಿಸ್ಬೇಕು ಅಂತ ನನಗೆ ಗೊತ್ತಿದ್ದೂ ಬಾಯಿ ಮುಚ್ಕೊಂಡಿರು ಅಂದ್ರೆ, ನಾನು ಯಾವ ಮುಖ ಇಟ್ಕೊಂಡು ಇದೇ ಚರ್ಚಿಗೆ ಬರ್ಲಿ ಹೇಳಿ, ಡಾಕ್ಟರಮ್ಮ?"

ಹಿಂದಿನಿಂದ ಡೊನ್ಯಾ ಕೂಕಾ ಕೈ ಎತ್ತಿದಳು. ಅವಳಿಗೆ ಯಾವ ಚೀಟಿಯೂ ಸಿಕ್ಕಿರಲಿಲ್ಲ. ಸಿಗುವ ವಯಸ್ಸೂ ಅಲ್ಲ. "ನಾನೂ ಕಲಿತುಬಿಟ್ಟಿದ್ದೀನಿ ತಾಯಿ. ಯಾರೂ ಕೇಳ್ದೇನೇ. ನನ್ನನ್ನ ಯಾವ ಬಣ್ಣಕ್ಕೆ ಸೇರಿಸ್ತೀರಿ?"

ಇಡೀ ಸಭೆ ನಕ್ಕಿತು. ಡಾಕ್ಟರಮ್ಮನ ಬಾಯಂಚಿನಲ್ಲೂ ಒಂದು ಎಳೆ ನಗು ಮೂಡಿ ಮಾಯವಾಯಿತು.

ನೊಯೆಮಿ ನಗಲಿಲ್ಲ. ಅವಳು ಹಾಳೆಯನ್ನು ಹಿಡಿದುಕೊಂಡು ಮೇಜಿನವರೆಗೆ ನಡೆದುಬಂದಳು. ಹೋಟೆಲಿನ ಸಮವಸ್ತ್ರದಲ್ಲೇ ಇದ್ದಳು, ಮಧ್ಯಾಹ್ನದ ಪಾಳಿಗೆ ಹೋಗಬೇಕಿತ್ತು. ಹಾಳೆಯನ್ನು ಹರಿಯಲಿಲ್ಲ, ಮುದುಡಲಿಲ್ಲ. ಅಂಚಿಗೆ ಅಂಚು ಸೇರಿಸಿ ಮಡಿಸಿ ಡಾಕ್ಟರಮ್ಮನ ಮುಂದೆ ಇಟ್ಟಳು.

"ನಾನು ಇದಕ್ಕೆ ಸಹಿ ಹಾಕಲ್ಲ. ತೂಕದ ಯಂತ್ರ ನಿಮ್ಮದು, ತಗೊಂಡು ಹೋಗಿ. ಮಗ ನನ್ನವನು. ಅವನು ಇನ್ನೊಬ್ಬರ ಪಕ್ಕ ನಿಲ್ಲಿಸಿ ಹೋಲಿಸಿ ನೋಡೋಕೆ ಇಟ್ಟಿರೋ ಮಗು ಅಲ್ಲ. ನಮ್ಮಮ್ಮ ಸಾಯೋವಾಗ ಅವಳ ಕತ್ತು ನೋಡಿ ಯಾರೂ ನನಗೆ ಏನೂ ಹೇಳ್ಲಿಲ್ಲ. ಅದಕ್ಕೇ ಕೊಳೆ ಅಂತ ಮಗನ ಕತ್ತು ಉಜ್ಜಿದ್ವಿ. ಈಗ ಹೇಳೋರು ಸಿಕ್ಕಿದ್ದಾರೆ. ಕೇಳಿಸ್ಕೋಬೇಡ ಅನ್ನೋಕೆ ಯಾವ ನಿಯಮಕ್ಕೂ ಅಧಿಕಾರ ಇಲ್ಲ."

ಅವಳ ಹಿಂದೆ ಇನ್ನೊಬ್ಬಳು ಬಂದು ಹಾಳೆ ಇಟ್ಟಳು, ಮತ್ತೊಬ್ಬಳು ಬಂದಳು. ಹಸಿರಿನವರೂ ಬಿಳಿಯವರೂ ಬೆರೆತು ಬಂದರು. ಯಾರ ಹಾಳೆಯಲ್ಲೂ ಸಹಿಯಿರಲಿಲ್ಲ. ಕೆಲವರು ಇಡುವಾಗ ಕ್ಷಮಿಸಿ ಎಂದರು, ಡಾಕ್ಟರಮ್ಮನ ಮೇಲೆ ಅವರಿಗೆ ಕೋಪವಿರಲಿಲ್ಲ. ಅರವತ್ತು ಹಾಳೆಯ ಗುಪ್ಪೆ ಫ್ಯಾನಿನ ಗಾಳಿಗೆ ಏಳತೊಡಗಿದಾಗ ಎರ್ಲಿಂಡಾ ಅದರ ಮೇಲೆ ತನ್ನ ಕೈಯಿಟ್ಟಳು. ಸಹಿ ಹಾಕದ ಅರವತ್ತೊಂದನೆಯವಳು ತಾನೆಂದೂ, ನಾಳೆಯಿಂದ ಈ ಕೆಲಸ ಇರುತ್ತದೋ ಇಲ್ಲವೋ ಎಂದೂ ಆಗ ಅವಳಿಗೆ ಹೊಳೆಯಿತು. ಈರುಳ್ಳಿ ಶೆಡ್ಡು ಇನ್ನೂ ಅಲ್ಲೇ ಇದೆ ಎಂದುಕೊಂಡಳು.

"ಇದರಿಂದ ನನ್ನ ಅಧ್ಯಯನ ಉಳಿಯೋದಿಲ್ಲ," ಎಂದಳು ಡಾಕ್ಟರ್ ಲಿಂಡ್‌ಕ್ವಿಸ್ಟ್, ಎರ್ಲಿಂಡಾಳಿಗೆ ಮಾತ್ರ ಕೇಳುವಂತೆ.

"ಗೊತ್ತು. ಆದರೆ ನೀವು ಅಳೆಯೋಕೆ ಹೊರಟಿರೋದು ಯಾವುದನ್ನ? ನಮ್ಮೂರಲ್ಲಿ ಪಾಠ ಹೋಗೋದೇ ಹೀಗೆ, ಒಬ್ಬಳ ಬಾಯಿಂದ ಇನ್ನೊಬ್ಬಳ ಒಲೆಗೆ. ಹಾಗೆ ಹೋಗದ ಹಾಗೆ ಕಟ್ಟಿಹಾಕಿ ಅಳೆದ್ರೆ, ಅಳೆದದ್ದು ನಮ್ಮೂರನ್ನಲ್ಲ. ಕೊಮಾದ್ರೆಗಳ ನಡುವೆ ಚೀಟಿ ಎತ್ತಬೇಡಿ. ಕಾಲೊನಿ ಕಾಲೊನಿಗಳ ನಡುವೆ ಎತ್ತಿ. ಒಂದಕ್ಕೆ ಈ ವರ್ಷ, ಇನ್ನೊಂದಕ್ಕೆ ಮುಂದಿನ ವರ್ಷ. ಆಗ ಯಾರ ಬಾಯಿಗೂ ಬೀಗ ಹಾಕ್ಬೇಕಾಗಿಲ್ಲ."

ಡಾಕ್ಟರ್ ಲಿಂಡ್‌ಕ್ವಿಸ್ಟ್, ಹಾಗೇ ಮಾಡಬೇಕೆಂದು ತಾನು ಮೊದಲೇ ಬರೆದುಕೊಟ್ಟಿದ್ದೆ, ಇಪ್ಪತ್ತು ಕಾಲೊನಿ ಬೇಕಾಗುತ್ತದೆ, ಅಷ್ಟಕ್ಕೆ ಹಣ ಕೊಡುವವರು ಒಪ್ಪಲಿಲ್ಲ ಎಂದಳು. ಅದನ್ನು ಅವಳು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

"ಮತ್ತೆ ಬರ್ಕೊಡಿ," ಎಂದಳು ಎರ್ಲಿಂಡಾ. "ಈ ಸಲ ನಮ್ಮನ್ನೂ ಸೇರಿಸಿ ಬರೀರಿ. ಏನಾಯ್ತು ಅಂತ ಇದ್ದದ್ದು ಇದ್ದ ಹಾಗೆ."

ಡಾಕ್ಟರಮ್ಮ ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು. ಹೆಂಗಸರು ಎದ್ದು ಹೋಗಲಿಲ್ಲ. ಸಹಿಯಿಲ್ಲದ ಹಾಳೆಗಳನ್ನು ಕೊಟ್ಟಾಗಿತ್ತು. ಇನ್ನು ಕಳೆದುಕೊಳ್ಳುವುದೇನೂ ಅವರ ಕಡೆ ಉಳಿದಿರಲಿಲ್ಲ. ಡಾಕ್ಟರಮ್ಮ ತಿರುಗಿ ಬಂದು, ಕುರ್ಚಿ ಎಳೆದು ಮೇಜಿಗೆ ಕೂತಳು. ಒಂದು ಒಪ್ಪಂದದ ಹಾಳೆಯನ್ನು ಬೋರಲು ಹಾಕಿ, ಖಾಲಿ ಬೆನ್ನಿನ ಮೇಲೆ ಉದ್ದಕ್ಕೆ ಎರಡು ಗೆರೆ ಎಳೆದಳು. ಮೂರು ಮನೆಯಾಯಿತು. ಮೇಲೆ ಬರೆದಳು: ಚೀಟಿ, ಎಷ್ಟು ಪಾಠ, ಯಾರಿಂದ.

ಸಮಿತಿ ಏನು ಹೇಳುತ್ತದೋ ತನಗೆ ಗೊತ್ತಿಲ್ಲವೆಂದು ಅವಳು ಮೊದಲೇ ಹೇಳಿಬಿಟ್ಟಳು. ಪಾಠ ನಿಲ್ಲಬಹುದು. ಹಾಗೆ ನಿಂತರೆ ತಡೆಯುವ ಶಕ್ತಿ ತನಗಿಲ್ಲ. ಆದರೆ ಬಿಳಿ ಚೀಟಿಯವರಲ್ಲಿ ಎಷ್ಟು ಮಂದಿ ಕಲಿತಿದ್ದಾರೆ, ಯಾರಿಂದ, ಎಷ್ಟು ಪಾಠ ಎಂಬುದು ಮತ್ತೆ ಬರೆಯಲು ತನಗೆ ಬೇಕು.

ಪಾಠ ನಿಂತರೂ ಬುಧವಾರ ನಿಲ್ಲುವುದಿಲ್ಲ ಎಂದು ಎರ್ಲಿಂಡಾ ಹೆಂಗಸರ ಕಡೆ ತಿರುಗಿ ಹೇಳಿದಳು. ಮುಂದಿನ ಬುಧವಾರ ತಾನೇ ಬರುತ್ತೇನೆ, ಸಂಬಳ ಇದ್ದರೂ ಇಲ್ಲದಿದ್ದರೂ. ಬ್ರೀಸೆಯ್ದಾಳ ಚಪ್ಪರದಲ್ಲಿ ಅರವತ್ತು ಮಂದಿಗೆ ಜಾಗ ಸಾಲದು, ಕಾರು ಹೊರಗೆ ತೆಗೆಯಲಿ.

"ಕಾರು ಕೆಟ್ಟು ನಿಂತು ಎರಡು ವರ್ಷ ಆಯ್ತು," ಎಂದಳು ಬ್ರೀಸೆಯ್ದಾ. "ತಳ್ಳೋಕೆ ಬನ್ನಿ ಎಲ್ಲರೂ. ಅದೂ ವ್ಯಾಯಾಮವೇ."

ಡಾಕ್ಟರ್ ಲಿಂಡ್‌ಕ್ವಿಸ್ಟ್ ಪೆನ್ನು ಹಿಡಿದು ತಲೆಯೆತ್ತಿದಳು. ಎಲ್ಲರಿಗಿಂತ ಮುಂದೆ ನೊಯೆಮಿ ನಿಂತಿದ್ದಳು. ಅವಳ ಪಾಳಿಗೆ ಆಗಲೇ ತಡವಾಗಿತ್ತು.

"ನನ್ನದು ಬಿಳಿ," ಎಂದಳು. "ಹದಿನೆಂಟು ಪಾಠ, ಒಂದೂ ತಪ್ಪಿಸಿಲ್ಲ. ಕಲಿಸಿದ್ದು ನನ್ನ ಕೊಮಾದ್ರೆ ಬ್ರೀಸೆಯ್ದಾ. ಹೆಸರು ಪೂರ್ತಿ ಬರೀರಿ, ಬ್ರೀಸೆಯ್ದಾ ಒಂತಿವೆರೋಸ್ ಪಲಾಸಿಯೋಸ್. ಕದ್ದು ಕಲಿತದ್ದು ಅಂತ ಮಾತ್ರ ಬರೀಬೇಡಿ."

ಡಾಕ್ಟರಮ್ಮ ಬರೆದಳು. ನೊಯೆಮಿ ಬಗ್ಗಿ ಒಂದೊಂದು ಅಕ್ಷರವನ್ನೂ ನೋಡಿ, ಸರಿಯಿದೆ ಎಂದು ಖಚಿತವಾದ ಮೇಲೆ ಪಕ್ಕಕ್ಕೆ ಸರಿದಳು. ಅವಳ ಹಿಂದೆ ಸಾಲು ಹಾಲಿನ ಬಾಗಿಲು ದಾಟಿ ಬಿಸಿಲಿನವರೆಗೆ ಬೆಳೆದಿತ್ತು.